ಶೆಡ್‌ನ ಅಟ್ಟದ ಮೇಲೆ ಐವರು ಕುಣಿದರೆ ಅದು ಗಟ್ಟಿ ಅಂತಲೇ?

ಕಬ್ಬಿಣದ ತೊಲೆ, ಅದರ ಮೇಲೆ ಸಿಮೆಂಟ್ ಬೋರ್ಡ್, ಬೋರ್ಡಿನ ಮೇಲೆ ಐದು ಜನ ಕುಣಿಯುತ್ತಾರೆ. ಕೆಳಗೆ ‘ಎರಡೇ ದಿನದಲ್ಲಿ ನಿಮ್ಮ ಶೆಡ್ ಡಬಲ್’ ಎಂಬ ಸಾಲು. ಇಂಥ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಗ್ಯಾರೇಜು, ಗೋಡೌನುಗಳ ನಡುವೆ ಹೀಗೆ ಹಾಕುವ ಅರ್ಧ ಮಹಡಿಗೆ ಮೆಜನೈನ್ ಎನ್ನುತ್ತಾರೆ, ನಮ್ಮ ಬಾಯಲ್ಲಿ ಅದು ಅಟ್ಟ. ಹಾಕಿಸುವುದು ತಪ್ಪಲ್ಲ. ಆದರೆ ಕುಣಿತ ಪರೀಕ್ಷೆಯಾಗುತ್ತದೆಯೇ? ಲೆಕ್ಕ ಹಾಕಿ ನೋಡೋಣ.

10 ಅಡಿಗೆ 12 ಅಡಿಯ ಅಟ್ಟ ಎಂದುಕೊಳ್ಳಿ. ತಲಾ 70 ಕೆ.ಜಿ.ಯ ಐವರು ಹತ್ತಿದರೆ ಒಟ್ಟು 350 ಕೆ.ಜಿ. ಈಗ ಅದೇ ಜಾಗದಲ್ಲಿ 50 ಕೆ.ಜಿ.ಯ ಅಕ್ಕಿ ಮೂಟೆಗಳನ್ನು ಒಂದರ ಮೇಲೊಂದು ಐದರಂತೆ ಪೇರಿಸಿ. ಒಂದು ಸಾಲಿಗೆ ಆರು ಚದರ ಅಡಿ ಹಿಡಿದರೂ 20 ಸಾಲು, 100 ಮೂಟೆ, ಅಂದರೆ ಐದು ಟನ್! ವಿಡಿಯೋದಲ್ಲಿ ತೋರಿಸಿದ್ದು ಅದರ ಹದಿನಾಲ್ಕನೇ ಒಂದು ಪಾಲು. ಕುಣಿದವರು ಇಳಿದು ಹೋಗುತ್ತಾರೆ, ಮೂಟೆ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ.

ಭಾರತೀಯ ಮಾನಕ ಐಎಸ್ 875 ಕೂಡ ಈ ವ್ಯತ್ಯಾಸವನ್ನು ಒಪ್ಪುತ್ತದೆ. ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕೆ.ಜಿ. ತಡೆಯಬೇಕು. ಸರಕು ತುಂಬುವ ಗೋಡೌನಿಗೆ ಕನಿಷ್ಠ 750 ಕೆ.ಜಿ. ಲೆಕ್ಕ. ಹಾಗಾಗಿ ಫ್ಯಾಬ್ರಿಕೇಷನ್‌ನವರನ್ನು ‘ಗಟ್ಟಿ ಇರುತ್ತಾ?’ ಎಂದು ಕೇಳಿ ಪ್ರಯೋಜನವಿಲ್ಲ. ಚದರ ಮೀಟರಿಗೆ ಎಷ್ಟು ಕೆ.ಜಿ. ಎಂದು ಕೇಳಿ, ಬರೆಸಿಕೊಳ್ಳಿ.

‘ಪಕ್ಕದವರು ಇದೇ ತೊಲೆ ಹಾಕಿಸಿದ್ದಾರೆ’ ಎನ್ನುವ ವಾದವೂ ನಿಲ್ಲುವುದಿಲ್ಲ. ಕಂಬದಿಂದ ಕಂಬಕ್ಕೆ ದೂರ ಎರಡು ಪಟ್ಟಾದರೆ, ಅಡಿಗಿಷ್ಟು ಎಂಬ ಭಾರ ಅಷ್ಟೇ ಇದ್ದರೂ, ಅದೇ ತೊಲೆ 16 ಪಟ್ಟು ಹೆಚ್ಚು ಬಗ್ಗುತ್ತದೆ. ಪಕ್ಕದವರ ಅಟ್ಟ ಎಂಟು ಅಡಿಯದ್ದು, ನಿಮ್ಮದು ಹದಿನಾರು ಅಡಿಯದ್ದು ಎಂದಾದರೆ ಹೋಲಿಕೆಗೆ ಅರ್ಥವೇ ಇಲ್ಲ.

ನಮ್ಮನ್ನು ಹೆಚ್ಚು ದಿಗಿಲುಗೊಳಿಸುವುದು ಕಂಬದ ಖರ್ಚು ಉಳಿಸಲು ಅಟ್ಟವನ್ನು ಚಾವಣಿಯ ಟ್ರಸ್‌ಗೆ ತೂಗುಹಾಕುವ ಐಡಿಯಾ. ಜನ ಓಡಾಡದ ಶೀಟಿನ ಚಾವಣಿಗೆ ಶೀಟಿನ ತೂಕ ಬಿಟ್ಟರೆ ಚದರ ಮೀಟರಿಗೆ ಸುಮಾರು 75 ಕೆ.ಜಿ. ಹಾಗೂ ಗಾಳಿಯ ಒತ್ತಡವನ್ನಷ್ಟೇ ಲೆಕ್ಕ ಹಿಡಿದಿರುತ್ತಾರೆ. ಅದಕ್ಕೆ ಟನ್‌ಗಟ್ಟಲೆ ನೇತುಹಾಕುವುದು ಬಟ್ಟೆ ಒಣಗಿಸುವ ಹಗ್ಗಕ್ಕೆ ಬೀರು ಕಟ್ಟಿದಂತೆ. ನಾಲ್ಕಿಂಚಿನ ಇಟ್ಟಿಗೆ ಗೋಡೆಗೆ ಬೋಲ್ಟ್ ಹೊಡೆದು ತೊಲೆ ಕೂರಿಸುವುದೂ ಬೇಡ. ಅಟ್ಟಕ್ಕೆ ಅದರದ್ದೇ ಕಂಬ, ಕಂಬಕ್ಕೆ ಅದರದ್ದೇ ಪಾಯ ಇರಬೇಕು.

ಎತ್ತರವನ್ನಂತೂ ಟೇಪು ಹಿಡಿದು ನೋಡಿದರೆ ಸಾಕು. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಮೆಜನೈನ್‌ನ ಮೇಲೂ ಕೆಳಗೂ ತಲಾ 2.2 ಮೀಟರ್ ಬೇಕು. ನೆಲದ ದಪ್ಪ ಸೇರಿಸಿದರೆ ಸುಮಾರು 15 ಅಡಿ. ನಿಮ್ಮ ಶೆಡ್ ಹತ್ತಡಿಯದ್ದಾದರೆ ಸಾಮಾನಿಡುವ ಅಟ್ಟವಷ್ಟೇ ಸಾಧ್ಯ, ಕೋಣೆಯಲ್ಲ.

ಆದರೂ ಅಲ್ಲಿ ಕೆಲಸದ ಹುಡುಗರನ್ನು ಮಲಗಿಸುವವರಿದ್ದಾರೆ. 2022ರ ಮಾರ್ಚ್ 23ರ ನಸುಕಿನಲ್ಲಿ ಸಿಕಂದರಾಬಾದಿನ ಭೋಯಿಗುಡದ ಗುಜರಿ ಗೋಡೌನಿಗೆ ಬೆಂಕಿ ಬಿದ್ದಾಗ, ಮೇಲಂತಸ್ತಿನಲ್ಲಿ ಮಲಗಿದ್ದ ಬಿಹಾರದ 11 ಕಾರ್ಮಿಕರು ಸತ್ತರು. ಕೆಳಗಿಳಿಯುವ ದಾರಿ ಉರಿಯುತ್ತಿದ್ದ ಗೋಡೌನಿನೊಳಗೇ ಇತ್ತು. ಹೊಗೆ ಮೊದಲು ಮೇಲಕ್ಕೇರುತ್ತದೆ, ಹಾಗಾಗಿ ಅಟ್ಟದಲ್ಲಿರುವವರಿಗೆ ಸಿಗುವುದು ತೀರಾ ಕಡಿಮೆ ಸಮಯ. ‘ಕಬ್ಬಿಣ ಸುಡಲ್ಲ’ ಎಂಬ ಫಾರ್ವರ್ಡ್ ಅರ್ಧ ಮಾತ್ರ ನಿಜ. ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕು ತನ್ನ ಅರ್ಧದಷ್ಟು ಬಲ ಕಳೆದುಕೊಂಡು ಬಾಗತೊಡಗುತ್ತದೆ. ಗೋಡೌನಿನ ಬೆಂಕಿಗೆ ಅಷ್ಟು ಕಾವು ಏರಲು ಹೆಚ್ಚು ಹೊತ್ತು ಬೇಕಾಗಿಲ್ಲ.

ನಿಮ್ಮ ಅಟ್ಟದಲ್ಲಿ ಈಗ ಯಾರಾದರೂ ಮಲಗುತ್ತಿದ್ದರೆ ಇವತ್ತು ರಾತ್ರಿಯಿಂದಲೇ ಕೆಳಗೆ, ಬಾಗಿಲ ಹತ್ತಿರ ಮಲಗಲು ಹೇಳಿ. ಶಟರ್ ಒಳಗಿನಿಂದಲೂ ತೆರೆಯುತ್ತದೆಯೇ ಎಂದು ನೀವೇ ಒಮ್ಮೆ ಎತ್ತಿ ನೋಡಿ.