ಇಲಿಗೆ ಸೋಗು ಹಾಕಲು ಬರುವುದಿಲ್ಲ

ಹೆಂಡತಿಗೆ ನಾನು ಆಡಿದ ಒಂದು ಮಾತು ಇಪ್ಪತ್ತು ವರ್ಷ ಕಳೆದರೂ ಗಂಟಲಿನಲ್ಲೇ ಇದೆ. 2005ರ ಜುಲೈ 26ರ ಮಳೆಯನ್ನು ಮರೆತ ಮುಂಬಯಿಗರಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಿತ್ತು. ಲೋಕಲ್ ನಿಂತುಹೋಗಿ ಅವಳು ಕುರ್ಲಾದಿಂದ ಭಾಂಡುಪ್‌ವರೆಗೆ, ಅರ್ಧ ದಾರಿ ಸೊಂಟದ ನೀರಿನಲ್ಲಿ, ನಡೆದೇ ಮನೆ ಸೇರಿದಳು. ಹತ್ತು ದಿನಕ್ಕೆ ಜ್ವರ ಬಂತು. ಇಲಿಜ್ವರ, ಲೆಪ್ಟೊಸ್ಪೈರೋಸಿಸ್. ಇಲಿ ಹೆಗ್ಗಣಗಳ ಮೂತ್ರ ಬೆರೆತ ನೀರು ಕಾಲಿನ ಗೀರುಗಾಯಕ್ಕೆ ತಗುಲಿದರೂ ಸಾಕು. ಆ ಆಗಸ್ಟಿನಲ್ಲಿ ಊರಿಡೀ ಅದೇ ಕಾಯಿಲೆ. ಚಿಕಿತ್ಸೆಯಾಯಿತು, ಜ್ವರ ಇಳಿಯಿತು, ರಕ್ತದ ರಿಪೋರ್ಟೂ ಸರಿಯಾಗಿ ಬಂತು. ಆದರೆ ಅವಳು ಮೂರು ವಾರ ಗೋಡೆಗೆ ಮುಖ ಹಾಕಿ ಮಲಗಿದಳು. ಚಹಾ ಆರಿಹೋಗುತ್ತಿತ್ತು, ಪಕ್ಕದ ಖೋಲಿಯವರು ಮಾತಾಡಿಸಲು ಬಂದರೆ ಕಣ್ಣು ಮುಚ್ಚುತ್ತಿದ್ದಳು. ಒಂದು ಸಂಜೆ ನಾನು ಹೇಳಿಯೇಬಿಟ್ಟೆ: "ರಿಪೋರ್ಟ್ ನಾರ್ಮಲ್ ಬಂದಾಯ್ತಲ್ಲ, ಇನ್ನೂ ಎಷ್ಟು ದಿನ ಈ ಸೋಗು?"

ನನ್ನ ಹೊಟ್ಟೆಪಾಡು ಏನೆಂದು ತಿಳಿದರೆ ಈ ಮಾತಿನ ನಾಚಿಕೆ ನಿಮಗೂ ಗೊತ್ತಾದೀತು. ಮುಂಬಯಿಯ ಒಂದು ಸಂಶೋಧನಾಲಯದ ಪ್ರಾಣಿಗೃಹದಲ್ಲಿ ನಾನು ಮೂವತ್ತೊಂದು ವರ್ಷ ಇಲಿಗಳ ತೂಕ ಹಾಕಿದವನು. ಕಾರ್ಕಳದ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿದ ಹುಡುಗನಿಗೆ ಸಿಕ್ಕ ಕೆಲಸ ಅದು. ಬೆಳಗ್ಗೆ ಪಂಜರದ ಭತ್ತದ ಹೊಟ್ಟು ಬದಲಿಸಬೇಕು, ನೀರಿನ ಬಾಟಲಿಯ ನಳಿಗೆ ತೊಳೆಯಬೇಕು, ಒಂದೊಂದೇ ಬಿಳಿ ಇಲಿಯನ್ನು ಎತ್ತಿ ತಕ್ಕಡಿಯ ಡಬ್ಬಿಯಲ್ಲಿ ಕೂರಿಸಿ ರಿಜಿಸ್ಟರಿನಲ್ಲಿ ಬರೆಯಬೇಕು. ಯಾವುದು ಯಾವ ಇಲಿ ಎಂದು ತಿಳಿಯಲು ತಲೆಗೋ ಬೆನ್ನಿಗೋ ಪಿಕ್ರಿಕ್ ಆ್ಯಸಿಡ್‌ನ ಹಳದಿ ಬೊಟ್ಟು. ಆ ಹಳದಿ ನನ್ನ ಬೆರಳಿಗೂ ಹತ್ತಿರುತ್ತಿತ್ತು. ದಿನಾ ಯಾರ ಮನೆಯಲ್ಲಿ ಅರಿಶಿನದ ಕಾರ್ಯ ಎಂದು ಚಾಳಿನವರು ತಮಾಷೆ ಮಾಡುತ್ತಿದ್ದರು. ಪಾಲಿಕೆಯವರು ರಾತ್ರಿ ಹೊತ್ತು ಕೋಲು, ಟಾರ್ಚ್ ಹಿಡಿದು ಇಲಿ ಹೊಡೆಯುತ್ತಾರಲ್ಲ, ಅವರಿಗೆ ಇಲಿಯೆಂದರೆ ಸತ್ತವುಗಳ ಎಣಿಕೆ. ನನಗೆ ಇಲಿಯೆಂದರೆ ಗ್ರಾಮ್.

ಸೋಗಿನ ಮಾತು ಆಡಿದ ದಿನಗಳಲ್ಲಿ ನಮ್ಮಲ್ಲಿ ಉರಿಯೂತದ ಪ್ರಯೋಗ ನಡೆದಿತ್ತು. ಇ. ಕೋಲಿ ಬ್ಯಾಕ್ಟೀರಿಯಾದ ಹೊರಪದರದಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತು ಇರುತ್ತದೆ. ಅದನ್ನು ಬೇರ್ಪಡಿಸಿ, ಚೂರೇ ಚೂರು ಇಲಿಯ ಹೊಟ್ಟೆಗೆ ಚುಚ್ಚುತ್ತಾರೆ. ಅದರಲ್ಲಿ ಜೀವಂತ ರೋಗಾಣುವೇ ಇಲ್ಲ, ಆದ್ದರಿಂದ ಸೋಂಕೂ ಇಲ್ಲ. ಆದರೂ ಕಳ್ಳ ಬಂದನೆಂದು ಮೈಯೆಲ್ಲ ಕೂಗು ಹಾಕುತ್ತದೆ. ಸೈಟೊಕೈನ್ ಎಂಬ ಪ್ರೋಟೀನುಗಳು ರಕ್ತದಲ್ಲಿ ಓಡುತ್ತವೆ, ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ನರವೂ ಸುದ್ದಿ ಮುಟ್ಟಿಸುತ್ತದೆ. ಎರಡು ಮೂರು ತಾಸಿನಲ್ಲಿ ಇಲಿ ಬೆನ್ನು ಗೂನಾಗಿಸಿ ಮೂಲೆ ಹಿಡಿಯುತ್ತದೆ. ರೋಮ ನಿಮಿರುತ್ತದೆ, ಕಣ್ಣಂಚಿನಲ್ಲಿ ಕೆಂಪು ಜಿನುಗುತ್ತದೆ. ಅದು ರಕ್ತವಲ್ಲ, ನಿತ್ರಾಣಗೊಂಡ ಇಲಿಯ ಕಣ್ಣಿನ ಗ್ರಂಥಿ ಸುರಿಸುವ ಬಣ್ಣ. ನಿನ್ನೆಯವರೆಗೆ ಮುಗಿಬಿದ್ದು ಕುಡಿಯುತ್ತಿದ್ದ ಸಕ್ಕರೆ ನೀರಿನ ಬಾಟಲಿ ಬೆಳಗ್ಗೆ ನೋಡಿದರೆ ಹಾಗೇ ತುಂಬಿರುತ್ತದೆ. "ಮೂಲೆ ಹಿಡಿದಿದೆ, ಸಿಹಿ ಮುಟ್ಟಿಲ್ಲ, ಜೊತೆಯ ಇಲಿಯನ್ನು ಮೂಸಿಲ್ಲ" ಎಂದು ನಾನೇ ಬರೆದು ಸಹಿ ಹಾಕುತ್ತಿದ್ದೆ. ಆ ಇಲಿಗೆ ಸೋಗು ಎಂದು ಯಾರೂ ಹೇಳಲಿಲ್ಲ. ಹೇಳಿಸಿಕೊಂಡವಳು ಮನೆಯಲ್ಲಿದ್ದಳು.

ಜೀವಂತ ರೋಗಾಣುವಿಲ್ಲದೆಯೂ ಮೈ ಕಾಯುವುದು ಈ ಊರಿಗೆ ಹೊಸತಲ್ಲ. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿದ ಮೇಲೆ ವಿಜ್ಞಾನಿ ಹಾಫ್ಕಿನ್ ಇಲ್ಲೇ ಕುಳಿತು ಕೊಂದ ಪ್ಲೇಗ್ ರೋಗಾಣುಗಳ ಲಸಿಕೆ ಮಾಡಿದ. 1897ರ ಜನವರಿ 10ರಂದು ಮೊದಲು ಚುಚ್ಚಿಕೊಂಡದ್ದು ತನಗೇ. ಸತ್ತ ರೋಗಾಣುವಿಗೇ ಅವನ ಮೈ ಕಾದು ಜ್ವರ ಬಂತು. ಪರೇಲಿನ ಹಾಫ್ಕಿನ್ ಸಂಸ್ಥೆಯ ಮುಂದೆ ಹಾಯುವಾಗೆಲ್ಲ ನನಗೆ ಅವನ ಲಸಿಕೆಗಿಂತ ಆ ಜ್ವರವೇ ಹೆಚ್ಚು ನೆನಪಾಗುತ್ತದೆ.

ಕಾಯಿಲೆಯ ಇಲಿ ಸುಮ್ಮನೆ ಬಿದ್ದಿರುವುದು ಶಕ್ತಿ ಸಾಲದೆಯೇ? ಅಮೆರಿಕದ ಮನೋವಿಜ್ಞಾನಿ ನೀಲ್ ಮಿಲ್ಲರ್ 1964ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ನಮ್ಮ ವಿಭಾಗದ ಮೇಡಂ ಅದನ್ನು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಸನ್ನೆಕೋಲು ಒತ್ತಿದರೆ ನೀರು ಸಿಗುತ್ತದೆಂದು ಕಲಿತ ಬಾಯಾರಿದ ಇಲಿಗಳಿಗೆ ಬ್ಯಾಕ್ಟೀರಿಯಾದ ವಿಷ ಕೊಟ್ಟಾಗ ಅವು ಒತ್ತುವುದನ್ನು ಕಡಿಮೆ ಮಾಡಿದವು. ಬಲ ಇಲ್ಲ, ಅದಕ್ಕೇ ಇರಬಹುದು ಎನ್ನಿ. ಆದರೆ ಅಂಥವೇ ಇಲಿಗಳನ್ನು ತಿರುಗುವ ಡ್ರಮ್ಮಿನೊಳಗೆ ಬಿಟ್ಟು, ಸನ್ನೆ ಒತ್ತಿದರೆ ಡ್ರಮ್ ಸ್ವಲ್ಪ ಹೊತ್ತು ನಿಲ್ಲುವಂತೆ ಮಾಡಿದಾಗ ಅವು ಮೊದಲಿಗಿಂತ ಹೆಚ್ಚು ಒತ್ತಿದವು. ನೀರಿಗಾಗಿ ಏಳದ ಇಲಿ ವಿಶ್ರಾಂತಿಗಾಗಿ ದುಡಿಯಿತು. ಮಿದುಳು ಕೆಟ್ಟಿರಲಿಲ್ಲ, ಈಗ ಬೇಕಾದದ್ದು ಏನು ಎಂಬ ಪಟ್ಟಿಯನ್ನಷ್ಟೇ ಮಿದುಳು ತಿದ್ದಿ ಬರೆದಿತ್ತು.

ಮುಂಬಯಿಯಲ್ಲಿ ಆ ಡ್ರಮ್ಮಿನ ಹೆಸರು 8.20ರ ಫಾಸ್ಟ್. ಜ್ವರ ಬಿಟ್ಟ ಮೂರನೇ ದಿನ ಹತ್ತಬೇಕು, ಇಲ್ಲವೆಂದರೆ ಸಂಬಳ ಕಡಿತ. ನಿಲ್ಲಿಸುವ ಸನ್ನೆ ಬೋಗಿಯಲ್ಲೂ ಉಂಟು, ಎಳೆದರೆ ದಂಡ.

ಇನ್ನೊಂದು ಪ್ರಯೋಗ ಫ್ರಾನ್ಸಿನದು, 1997ರದು, ಸುಂಡಿಲಿಗಳ ಮೇಲೆ. ಮರಿ ಹಾಕಿದ ತಾಯಿಗೆ ಅದೇ ಲಿಪೊಪಾಲಿಸ್ಯಾಕರೈಡ್ ಚುಚ್ಚಿದರೆ ಅದು ಗೂಡು ಕಟ್ಟುವುದನ್ನು ಬಿಡುತ್ತದೆ. ಆದರೆ ಕೋಣೆಯ ತಾಪವನ್ನು 6 ಡಿಗ್ರಿಗೆ ಇಳಿಸಿದರೆ, ಮರಿಗಳು ಚಳಿಗೆ ಸತ್ತೇಹೋಗುವ ಹೊತ್ತಿಗೆ, ಕಾಯಿಲೆಯ ತಾಯಿಯೇ ಎದ್ದು ಗೂಡು ಕಟ್ಟುತ್ತದೆ. ನಮ್ಮ ಚಾಳಿನಲ್ಲಿ ನಸುಕಿನ ನಾಲ್ಕೂವರೆಗೆ ನೀರು ಬರುತ್ತಿತ್ತು. ಆ ಮೂರು ವಾರವೂ ನನ್ನ ಹೆಂಡತಿ ಎದ್ದು ಹಂಡೆ ತುಂಬಿಸಿಯೇ ಮಲಗುತ್ತಿದ್ದಳು. "ನೀರಿಗೆ ಏಳಲು ಆಗುತ್ತದೆ, ಅಡುಗೆಗೆ ಆಗುವುದಿಲ್ಲವೋ?" ಎಂದು ನನ್ನ ಅಮ್ಮ ಊರಿಂದ ಫೋನಿನಲ್ಲಿ ಕೇಳಿದ್ದಳು. ಆ ಸುಂಡಿಲಿಯ ಕಥೆ ಗೊತ್ತಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆನೇ? ಕೊಡುತ್ತಿರಲಿಲ್ಲವೆಂದೇ ಕಾಣುತ್ತದೆ.

ಮನುಷ್ಯರ ಸಾಕ್ಷ್ಯವೂ ಇದೆ. ಹೆಪಟೈಟಿಸ್ ಸಿ ಕಾಯಿಲೆಗೆ ವರ್ಷಗಟ್ಟಲೆ ಇಂಟರ್‌ಫೆರಾನ್ ಆಲ್ಫಾ ಕೊಡುತ್ತಿದ್ದರು. ಅದೂ ಮೈಯ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುವ ಪ್ರೋಟೀನೇ. ಮೊದಲೆಂದೂ ಮನೋರೋಗ ಇಲ್ಲದವರಲ್ಲೂ ಹಲವರು ಅದರಿಂದ ಖಿನ್ನತೆಗೆ ಬಿದ್ದರು.

ಮನಸ್ಸಿನ ಮದ್ದು ಮೈಗೂ ಮುಟ್ಟುತ್ತದೆ. ಅದಕ್ಕೆ ನನ್ನ ತಂಗಿಯ ವಿಷಯ ಹೇಳಬೇಕು. ಅವಳ ಅನುಮತಿ ಕೇಳಿಯೇ ಬರೆಯುತ್ತಿದ್ದೇನೆ. ಯಾರೋ ತನ್ನ ಮಾತು ಕದ್ದು ಕೇಳುತ್ತಿದ್ದಾರೆಂದು ಅವಳು ಕಿಟಕಿಗಳಿಗೆ ಪೇಪರ್ ಅಂಟಿಸತೊಡಗಿದಾಗ ವೈದ್ಯರು ಒಲಾಂಜಪಿನ್ ಬರೆದರು. ಗುಳಿಗೆ ಹಿಡಿಯಿತು. ಎರಡು ತಿಂಗಳಲ್ಲಿ ಪೇಪರ್ ಕಿತ್ತಳು, ನಗತೊಡಗಿದಳು. ಜೊತೆಗೆ ವರ್ಷದಲ್ಲಿ ಹದಿನಾಲ್ಕು ಕಿಲೋ ಏರಿದಳು. ಮದುವೆ, ಗೃಹಪ್ರವೇಶ, ಎಲ್ಲಿ ಹೋದರೂ ಒಂದೇ ಮಾತು: "ಬಾಯಿ ಕಟ್ಟಬೇಕು, ಮಾರಾಯ್ತಿ." ಅವಳು ಬಾಯಿ ಕಟ್ಟಲಿಲ್ಲ, ಗುಳಿಗೆ ಬಿಟ್ಟಳು. ಐದನೇ ವಾರಕ್ಕೆ ಕಿಟಕಿಗೆ ಮತ್ತೆ ಪೇಪರ್ ಬಂತು.

ಇದೇ ಮದ್ದು ಕೊಟ್ಟ ಹೆಣ್ಣಿಲಿಗಳ ತೂಕ ನಾನು ಹಾಕಿದ್ದೇನೆ. ಅವುಗಳ ಮುಂದೆ ವಡಾಪಾವ್ ಇರಲಿಲ್ಲ, ಎಲ್ಲಕ್ಕೂ ಒಂದೇ ಗಟ್ಟಿ ಉಂಡೆಯ ಆಹಾರ. ಆ ಪ್ರಯೋಗದ ವರ್ಷ ಚೌತಿಯ ದಿನ ನಮ್ಮ ಹಿರಿಯ ಸಹಾಯಕ ಗಣಪತಿಯ ವಾಹನವೆಂದು ಪಂಜರಕ್ಕೊಂದು ಚೂರು ಮೋದಕ ಇಡಲು ಹೊರಟಾಗ ಮೇಡಂ ಓಡಿ ಬಂದು ತಡೆದಿದ್ದರು. ಒಂದು ಚೂರು ಬೆಲ್ಲಕಾಯಿ ಲೆಕ್ಕವನ್ನೆಲ್ಲ ಕೆಡಿಸುತ್ತದೆಯಂತೆ. ಅಷ್ಟು ಕಟ್ಟುನಿಟ್ಟಿನ ಊಟದಲ್ಲೂ ಒಲಾಂಜಪಿನ್ ಇಲಿ ಹೆಚ್ಚು ತಿಂದಿತು, ಕಡಿಮೆ ಓಡಾಡಿತು, ಹೊಟ್ಟೆಯೊಳಗೆ ಕೊಬ್ಬು ಕೂಡಿಸಿತು. ಇನ್ನೂ ದಪ್ಪವಾಗದ ಇಲಿಗಳಲ್ಲೇ ಒಂದು ಡೋಸಿಗೆ ಮೈ ಇನ್ಸುಲಿನ್ನಿನ ಮಾತು ಕೇಳದಂತಾಗುತ್ತದೆಂದು ಬೇರೆ ಪ್ರಯೋಗಾಲಯಗಳು ತೋರಿಸಿವೆ. ಬಾಯಿಚಪಲವೆಂದು ನಾವು ಯಾವುದನ್ನು ಹೀಗಳೆದೆವೋ, ಅದರಲ್ಲಿ ಹಸಿವಿನ ಭಾಗವೂ ಗುಳಿಗೆಯದೇ.

ಮದ್ದಿಗೆ ವಾರ್ಡುಗಳ ಗೋಡೆ ಕಾಣುವುದಿಲ್ಲ. ನಮ್ಮ ಘಟ್ಟದ ಕಾಡಿನಲ್ಲಿ ಬೆಳೆಯುವ ಸರ್ಪಗಂಧವನ್ನೇ ನೋಡಿ. ಕೆ.ಇ.ಎಂ. ಆಸ್ಪತ್ರೆಯ ಡಾ. ರುಸ್ತುಂ ಜಾಲ್ ವಕೀಲ್ ಅದನ್ನು ರಕ್ತದೊತ್ತಡದ 50 ರೋಗಿಗಳಿಗೆ ಕೊಟ್ಟು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಪರೇಲಿನಿಂದ ಅದು ಜಗತ್ತಿಗೇ ಹರಡಿತು, 1957ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. 1952ರಲ್ಲಿ ಅದರಿಂದ ಬೇರ್ಪಡಿಸಿದ ರಿಸರ್ಪಿನ್ ನುಂಗಿದ ಕೆಲವರು ಮಾತ್ರ ಮಂಕಾಗಿ ಕೂರುತ್ತಿದ್ದಾರೆಂಬ ವರದಿಗಳು ಬಂದವು. ಎಷ್ಟು ಜನ, ನಿಜಕ್ಕೂ ಅದರಿಂದಲೇ ಹೌದೇ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಆದರೆ ಅದು ಮೊಲಗಳ ಮಿದುಳಿನ ಸೆರೊಟೋನಿನ್ ದಾಸ್ತಾನನ್ನು ಬರಿದು ಮಾಡುತ್ತದೆಂದು 1955ರಲ್ಲಿ ಅಮೆರಿಕದಲ್ಲಿ ಕಂಡಿತು. ಎರಡು ವರ್ಷದ ಮೇಲೆ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ರಿಸರ್ಪಿನ್ನಿನಿಂದ ಕುಸಿದುಬಿದ್ದ ಮೊಲಗಳನ್ನು ಎಲ್-ಡೋಪಾ ಕೊಟ್ಟು ಎಬ್ಬಿಸಿದ. ಬಿ.ಪಿ.ಗೆಂದು ಕೊಟ್ಟದ್ದು ಮನಸ್ಸಿಗೆ ಹೋಯಿತು. ನನ್ನ ತಂಗಿಯಲ್ಲಿ ಮನಸ್ಸಿಗೆಂದು ಕೊಟ್ಟದ್ದು ಸೊಂಟಕ್ಕೆ ಹೋಯಿತು.

ಹಾಗೆಂದು ಇಲಿ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಒಲಾಂಜಪಿನ್ ಕೊಟ್ಟ ಗಂಡಿಲಿಗಳ ತೂಕ ಸಾಮಾನ್ಯವಾಗಿ ಏರುವುದೇ ಇಲ್ಲ, ಗಂಡಸರದು ಏರುತ್ತದೆ. ಬರೀ ಗಂಡಿಲಿಗಳನ್ನೇ ಸಾಕಿದ ಪ್ರಯೋಗಾಲಯ ಈ ಗುಳಿಗೆಗೆ ಸುಖಾಸುಮ್ಮನೆ ಒಳ್ಳೆಯ ಶಿಫಾರಸು ಕೊಟ್ಟುಬಿಡುತ್ತಿತ್ತು. ವಯಸ್ಸಿನ ಮಾತೂ ಇದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ತಂಡ, ಹುಟ್ಟಿದ ಎರಡನೇ ದಿನದಿಂದ 21ನೇ ದಿನದವರೆಗೆ ಇಲಿಮರಿಗಳಿಗೆ ಫ್ಲೂಯಾಕ್ಸೆಟಿನ್ ಕೊಟ್ಟು ನೋಡಿತು. ದೊಡ್ಡವರ ಖಿನ್ನತೆಗೆ ಕೊಡುವ ಅದೇ ಮದ್ದು ಮರಿಗಳನ್ನು ಬೆಳೆದ ಮೇಲೆ ಹೆಚ್ಚು ಅಂಜುಬುರುಕರನ್ನಾಗಿ ಮಾಡಿತು. ಅದೇ ತಂಡ, ಆಗ ಅಲ್ಲಿಯೇ ಇದ್ದ ಉಲ್ಲಾಸ್ ಕೋಲ್ತೂರ್-ಸೀತಾರಾಂ ಅವರೊಂದಿಗೆ 2019ರಲ್ಲಿ ಇನ್ನೊಂದು ಸಂಗತಿ ತೋರಿಸಿತು: ಸೆರೊಟೋನಿನ್ ಮಿದುಳಿನ ಕೋಶಗಳಲ್ಲಿ ಮೈಟೊಕಾಂಡ್ರಿಯಾಗಳನ್ನು, ಅಂದರೆ ಕೋಶದ ಒಲೆಗಳನ್ನು, ಹೆಚ್ಚಿಸುತ್ತದೆ. ಮನಸ್ಸಿನ ರಾಸಾಯನಿಕವೆಂದು ನಾವು ತಿಳಿದದ್ದು ಒಲೆ ಊದುವ ಕೆಲಸವನ್ನೂ ಮಾಡುತ್ತಿದೆ.

ಇದನ್ನು ಓದಿ ಯಾರೂ ಗುಳಿಗೆ ನಿಲ್ಲಿಸಬೇಡಿ. ನನ್ನ ತಂಗಿ ನಿಲ್ಲಿಸಿ ಏನಾಯಿತೆಂದು ಹೇಳಿದೆನಲ್ಲ. ನನ್ನ ತಕರಾರು ಗುಳಿಗೆಯ ಮೇಲಲ್ಲ, ತಕ್ಕಡಿ ಇಲ್ಲದಿರುವುದರ ಮೇಲೆ. ಇಂಥ ಮದ್ದು ಶುರುಮಾಡುವ ಮೊದಲೇ ತೂಕ, ಸೊಂಟದ ಸುತ್ತಳತೆ, ಬಿ.ಪಿ., ಬರಿಹೊಟ್ಟೆಯ ಸಕ್ಕರೆ, ಕೊಬ್ಬು ನೋಡಿ. ತೂಕವನ್ನು 4, 8, 12ನೇ ವಾರ ಮತ್ತೆ ನೋಡಿ ಎಂದು ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು 2004ರಲ್ಲೇ ಹೇಳಿವೆ. ತಂಗಿಯನ್ನು ಕರೆದುಕೊಂಡು ನಾನು ಮೂರು ಕಡೆ ಅಲೆದೆ. ಒಂದು ಕಡೆಯೂ ಅವಳನ್ನು ತಕ್ಕಡಿ ಹತ್ತಿಸಲಿಲ್ಲ. ಒಂದು ಕಡೆ ತಕ್ಕಡಿ ಇತ್ತು, ಅದರ ಮೇಲೆ ಫೈಲುಗಳಿದ್ದವು. ಪ್ರಯೋಗದ ಇಲಿಗೆ 1998ರ ಸರ್ಕಾರಿ ನಿಯಮಗಳ ಬೆಂಬಲವಿದೆ, ನೈತಿಕ ಸಮಿತಿ ಇದೆ, ದಿನಾ ತೂಕ ಬರೆಯಲು ನನ್ನಂಥವನೊಬ್ಬ ಇದ್ದಾನೆ. ಅದೇ ಮದ್ದು ನುಂಗುವ ಭಾಂಡುಪಿನ ಹೆಂಗಸಿಗೆ ಒಂದು ತಕ್ಕಡಿಯೂ ಸಿಗದಿದ್ದರೆ ಹೇಗೆ? ಪಾಲಿಕೆಯ ಪ್ರತಿ ದವಾಖಾನೆಯಲ್ಲೂ ಚೀಟಿ ಬರೆಯುವ ಮೇಜಿನ ಪಕ್ಕದಲ್ಲೇ ತಕ್ಕಡಿ ಇರಲಿ, ತೂಕ ಚೀಟಿಯ ಮೇಲೇ ಬರಲಿ. ಮಳೆಗಾಲದ ಜ್ವರ ಬಿಟ್ಟವನಿಗೆ ವೈದ್ಯರು ಬರೆಯುವ ರಜೆಯಲ್ಲಿ ಜ್ವರ ಇಳಿದ ಮೇಲಿನ ಹತ್ತು ದಿನವೂ ಸೇರಲಿ.

ಈಗ ತಂಗಿಯ ಡೋಸ್ ಬದಲಾಗಿದೆ, ಜೊತೆಗೆ ಸಕ್ಕರೆ ಕಾಯಿಲೆಯ ಗುಳಿಗೆಯೂ ಸೇರಿದೆ. ಭಾಂಡುಪ್ ಸ್ಟೇಷನ್ ರಸ್ತೆಯಲ್ಲಿ ನಾನೊಂದು ತಕ್ಕಡಿ ಕೊಂಡೆ. ಭಾನುವಾರ ಬೆಳಗ್ಗೆ ಅವಳು ಚಹಾ ಕುಡಿಯುವ ಮೊದಲು ಹತ್ತುತ್ತಾಳೆ, ನಾನು ಹಳೆಯ ರಿಜಿಸ್ಟರಿನ ಹಾಗೆಯೇ ಗೆರೆ ಹಾಕಿದ ಪುಸ್ತಕದಲ್ಲಿ ತಾರೀಕು, ವೇಳೆ, ತೂಕ ಬರೆಯುತ್ತೇನೆ. "ನನ್ನ ತಲೆಗೂ ಹಳದಿ ಹಚ್ಚುತ್ತೀಯಾ?" ಎಂದು ಅವಳು ಕೇಳುತ್ತಾಳೆ. ಹೆಂಡತಿ ಅಡುಗೆಮನೆಯಿಂದಲೇ ನಗುತ್ತಾಳೆ. ಕಳೆದ ಭಾನುವಾರ 71.4 ಇತ್ತು. 71 ಎಂದು ಬರೆ ಎಂದಳು. ನಾನು 71.4 ಎಂದೇ ಬರೆದೆ.