ಗಾಯರಾಣದ ಕಾಡುತೊಗರಿ

ಕಲಬುರಗಿಯ ತೊಗರಿಗೆ 2019ನೆಯ ಇಸವಿಯಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತುದು ಸರ್ವರಿಗೂ ತಿಳಿದ ವಿಷಯವಷ್ಟೆ. ಆದರೆ ಈ ತೊಗರಿಗೆ ಕಾಡಿನಲ್ಲಿ ದಾಯಾದಿಗಳಿರುವುವೆಂಬುದನ್ನು ನಮ್ಮ ಜಮೀನುದಾರರಲ್ಲಿ ಬಲ್ಲವರು ಕಡಿಮೆ. ಅವುಗಳಲ್ಲಿ ಭರತಖಂಡದಲ್ಲೆಲ್ಲ ಹರಡಿರತಕ್ಕದ್ದು ಹಬ್ಬುವ ಕಾಡುತೊಗರಿ. ಇದು ನೆಟ್ಟಗೆ ನಿಲ್ಲುವ ಗಿಡವಲ್ಲ. ಹುಲ್ಲನ್ನೂ ಕುರುಚಲನ್ನೂ ಸುತ್ತಿಕೊಂಡು ಹರಿಯುವ ಬಳ್ಳಿ. ಎಲೆಗೆ ಮೂರು ದಳ, ಹಳದಿಯ ಸಣ್ಣ ಹೂವು, ಗಿಡ್ಡನೆಯ ಚಪ್ಪಟೆ ಕಾಯಿ, ಕಾಯಿಯ ಮೈತುಂಬ ರೋಮ.

ಈ ರೋಮವನ್ನೇ ಸ್ವಲ್ಪ ವಿಚಾರಿಸಬೇಕು. ಕಾಯಿಕೊರಕ ಹುಳುವಿನ ಉಪದ್ರವವನ್ನು ನಾವು ವರ್ಷವರ್ಷವೂ ಅನುಭವಿಸುತ್ತಿರುವೆವು. ಮೊಟ್ಟೆಯೊಡೆದು ಬಂದ ಮರಿಹುಳುವಿಗೆ ಕಾಡುತೊಗರಿಯ ದಟ್ಟ ರೋಮವನ್ನು ದಾಟಿ ಕಾಯನ್ನು ಕೊರೆಯುವುದು ಕಷ್ಟ. ಊರ ತೊಗರಿಯ ಕಾಯಿಗೆ ಇಷ್ಟು ದಟ್ಟ ರೋಮದ ರಕ್ಷೆಯಿಲ್ಲ. ಅಲ್ಲದೆ ಈ ಬಳ್ಳಿಯು ಊರ ತೊಗರಿಯೊಡನೆ ಸಂಕರವಾಗಬಲ್ಲುದು. 2004ರಲ್ಲಿ ಗುಜರಾತಿನಲ್ಲಿ ಬಿಡುಗಡೆಯಾದ ಜಿ.ಟಿ.ಎಚ್.-1 ಎಂಬ ಮಿಶ್ರತಳಿಗೆ ಬೇಕಾದ ಪುರುಷವಂಧ್ಯತ್ವದ ಗುಣವು ಬಂದುದು ಇದರಿಂದಲೇ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯವರು ಇಂತಹ ಬೀಜಗಳನ್ನು ತಂಪು ಕೋಣೆಗಳಲ್ಲಿ ಕಾದಿರಿಸಿರುವರು. ಕೋಣೆಯಲ್ಲಿರುವುದು ಉಳಿದೀತು, ಆದರೆ ನೆಲದಲ್ಲಿರುವುದು ವರ್ಷವರ್ಷವೂ ಹುಳುರೋಗಗಳೊಡನೆ ಸೆಣಸಿ ಬದಲಾಗುತ್ತಿರುವುದು. ಎರಡನ್ನೂ ಸಮನೆಂದು ತಿಳಿಯಲಾಗದು.

2022ರ ಹಂಗಾಮಿನಲ್ಲಿ ನೆಟೆರೋಗದಿಂದ ಹೊಲಹೊಲಗಳೇ ಒಣಗಿದುದನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ಆ ರೋಗದ ಶಿಲೀಂಧ್ರವು ಕೂಳೆಯಲ್ಲಿಯೂ ಮಣ್ಣಿನಲ್ಲಿಯೂ ವರ್ಷಗಟ್ಟಲೆ ಜೀವಿಸಿರತಕ್ಕದ್ದು. 1986ರಲ್ಲಿ ನಮ್ಮ ರಾಜ್ಯದಲ್ಲಿ ಬಿಡುಗಡೆಯಾದ 'ಮಾರುತಿ' ಎಂಬ ನೆಟೆನಿರೋಧಕ ತಳಿಯಾದರೂ ಒಕ್ಕಲಿಗರ ಹಳೆಯ ನಾಟಿಬೀಜದಿಂದ ಆರಿಸಿದುದೇ ಹೊರತು ಹೊಸದಾಗಿ ಸೃಷ್ಟಿಸಿದುದಲ್ಲ. ಮುಂದೆ ಬೇಕಾಗುವ ಗುಣವು ಯಾವ ಬಳ್ಳಿಯಲ್ಲಿ ಅಡಗಿರುವುದೋ ಯಾರು ಬಲ್ಲರು?

ಇದಕ್ಕೊಂದು ಆಕ್ಷೇಪವುಂಟು, ಅದು ನ್ಯಾಯವಾದದ್ದೂ ಹೌದು. ಗೊಡ್ಡುರೋಗವನ್ನು ಹರಡುವ ನುಸಿಯು ಈ ಬಳ್ಳಿಯಲ್ಲಿಯೂ ಆಶ್ರಯ ಪಡೆಯುವುದು. ಆದಕಾರಣ ತೊಗರಿ ಹೊಲದ ಬದುವಿನಲ್ಲಿ ಇದನ್ನು ಬೆಳೆಯಗೊಡಿರೆಂದು ನಾವು ಹೇಳುವವರಲ್ಲ. ಹೊಲಗಳಿಗೆ ದೂರವಾದ ಗಾಯರಾಣವೇ ಅದರ ಸ್ಥಾನ. ಕಮಲಾಪುರದ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ; ತಮ್ಮ ನೆಲದ ಕೆಂಬಾಳೆಯನ್ನು ಅಷ್ಟು ಜತನದಿಂದ ಕಾಯ್ದುಕೊಂಡು ಬಂದವರು ಅವರು. ಬಾಳೆಗೆ ಬೆಲೆಯುಂಟು, ಈ ಬಳ್ಳಿಗಿಲ್ಲ ಎಂಬುದೊಂದೇ ವ್ಯತ್ಯಾಸ.

ಗ್ರಾಮದ ಮುಖಂಡರು ಮಾಡತಕ್ಕದ್ದು ಅಲ್ಪವೇ. ಬಳ್ಳಿಯಿರುವ ಗಾಯರಾಣದ ಒಂದು ತುಂಡನ್ನು ಹೂಬಿಟ್ಟಂದಿನಿಂದ ಕಾಯಿ ಬಲಿಯುವವರೆಗೆ ದನಕುರಿಗಳಿಗೆ ಬಿಡದಿರಲಿ; ಸಾಗುವಳಿಗೆ ಒತ್ತುವರಿಯಾಗದಂತೆ ನೋಡಲಿ. ಕಾಯಿ ಪೂರ್ತಿ ಒಣಗಿದರೆ ಸಿಡಿದು ಬೀಜ ಚೆಲ್ಲಿಹೋಗುವುದರಿಂದ, ಕಂದುಬಣ್ಣಕ್ಕೆ ತಿರುಗಿದೊಡನೆಯೇ ಬಿಡಿಸಿ, ಕಾಗದದ ಚೀಲದಲ್ಲಿಟ್ಟು, ಮೇಲೆ ಊರು, ಸರ್ವೆ ನಂಬರು, ತಾರೀಖು ಬರೆದು, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ತಲುಪಿಸುವುದು.