ಸೈಡು ಕೊಡಬೇಕಾದವರು ಯಾರು?

ಜೀಪಿಗೂ ಬಸ್ಸಿಗೂ ಢಿಕ್ಕಿಯಾದಾಗಲೆಲ್ಲ “ಬಸ್ಸಿನಲ್ಲಿದ್ದ ಕೆಲವರಿಗೆ ಸಣ್ಣಪುಟ್ಟ ಗಾಯಗಳಾಗಿವೆ” ಎಂಬಂಥ ಒಂದು ಸಾಲಿನೊಂದಿಗೆ ಪತ್ರಿಕಾ ವರದಿ ಮುಗಿಯುತ್ತದೆ. ಆ ಸಾಲನ್ನು ಕೊಂಚ ಬಿಡಿಸಿ ನೋಡಬೇಕಾಗಿದೆ. ಮುಂದಿನ ಸೀಟಿನ ಸರಳಿಗೆ ಬಾಯಿ ಬಡಿದು ಹಲ್ಲು ಹೋಗುವುದು, ನಿಂತವರು ಒಬ್ಬರ ಮೇಲೊಬ್ಬರು ಬಿದ್ದು ಪಕ್ಕೆಲುಬು ಬಿರುಕು ಬಿಡುವುದು, ಆಸರೆಗೆ ಚಾಚಿದ ಕೈಯ ಮಣಿಕಟ್ಟು ಮುರಿಯುವುದು ಇವೆಲ್ಲ ಅದರೊಳಗೆ ಅಡಗಿವೆ. ಕಾಫಿ ಕೊಯ್ಲಿನ ಕಾಲದಲ್ಲಿ ಮಣಿಕಟ್ಟು ಮುರಿದ ಕೂಲಿ ಹೆಣ್ಣುಮಗಳಿಗೆ ಅದು ಸಣ್ಣದಲ್ಲ. ಮೂಳೆ ಅಥವಾ ಹಲ್ಲಿನ ಮುರಿತವನ್ನು ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮು ತೀವ್ರ ಗಾಯಗಳ ಸಾಲಿನಲ್ಲೇ ಇರಿಸಿದೆ.

ಮಲೆನಾಡಿಗೆ ಜೀಪು ಹೊಸತಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿಸಿ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಅಡಿಕೆಗೊನೆ ಹೊತ್ತದ್ದೂ ಅದೇ. ನಮ್ಮ ಮಾತು ಆ ಜೀಪಿನ ಕುರಿತಲ್ಲ. ವಾರಾಂತ್ಯದಲ್ಲಿ ಗುಡ್ಡ ಹತ್ತುವ ಮೋಜಿಗೆಂದು ಸಾಲುಗಟ್ಟಿ ಬರುವ, ನೆಲದಿಂದ ಎತ್ತರಿಸಿದ, ದಪ್ಪ ಹಲ್ಲಿನ ಟೈರು ತೊಡಿಸಿದ, ಮುಂದೆ ಕಬ್ಬಿಣದ ಗಾರ್ಡು ಬಿಗಿದ ವಾಹನಗಳ ಕುರಿತು. ಆ ಟೈರು ಕೆಸರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ; ಒದ್ದೆ ಡಾಂಬರಿನ ಮೇಲೆ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾದ್ದರಿಂದ ಬ್ರೇಕು ಒತ್ತಿದರೂ ಬೇಗ ನಿಲ್ಲದು.

ಈಗ ಒಂದು ಲೆಕ್ಕ. ನಮ್ಮ ಒಂಟಿ ಪಥದ ರಸ್ತೆಗಳ ಡಾಂಬರು ಬಹುಪಾಲು 3.75 ಮೀಟರ್ ಅಗಲ. ಬಸ್ಸಿನ ಅಗಲ ಸುಮಾರು 2.5 ಮೀಟರ್, ಇಂಥ ಜೀಪಿನದು ಸುಮಾರು 1.8. ಎರಡೂ ಸೇರಿದರೆ 4.3. ಎಂದರೆ ಎದುರಾದಾಗ ಯಾರಾದರೊಬ್ಬರು ಡಾಂಬರು ಬಿಟ್ಟು ಇಳಿಯಲೇಬೇಕು. ರಸ್ತೆಯಿಲ್ಲದಲ್ಲೂ ಓಡುವುದೇ ತನ್ನ ಹೆಗ್ಗಳಿಕೆ ಎನ್ನುವ ವಾಹನ ಇಳಿಯುವುದು ನ್ಯಾಯ. ಆಗುತ್ತಿರುವುದು ಇದಕ್ಕೆ ತದ್ವಿರುದ್ಧ: ಐವತ್ತು ಅರವತ್ತು ಜನರನ್ನು ಹೊತ್ತ ಬಸ್ಸು ಮಣ್ಣಿಗಿಳಿಯುತ್ತದೆ, ನಾಲ್ಕು ಜನರ ಜೀಪು ಡಾಂಬರಿನ ಮೇಲೇ ಸಾಗುತ್ತದೆ.

ಢಿಕ್ಕಿಯೊಂದೇ ಬಸ್ಸಿನವರನ್ನು ಗಾಯಗೊಳಿಸುವುದಿಲ್ಲ. ತುಂಬಿದ ಬಸ್ಸು 14 ಟನ್, ಜೀಪು 2 ಟನ್ ಎಂದಿಟ್ಟುಕೊಳ್ಳೋಣ. ಎರಡೂ 30 ಕಿ.ಮೀ. ವೇಗದಲ್ಲಿ ಎದುರುಬದುರು ಬಡಿದು ಅಂಟಿಕೊಂಡರೆ ಆ ಹೊಡೆತದಿಂದ ಬಸ್ಸಿನ ವೇಗ ತಗ್ಗುವುದು ಏಳೂವರೆ ಕಿ.ಮೀ. ಮಾತ್ರ; ಪೆಟ್ಟಿನ ಬಹುಪಾಲು ಜೀಪಿಗೇ. ಬಸ್ಸಿನೊಳಗೆ ಅನಾಹುತ ಮಾಡುವುದು ತಪ್ಪಿಸಿಕೊಳ್ಳಲು ಒತ್ತಿದ ಬ್ರೇಕು, ತಿರುಗಿಸಿದ ಸ್ಟೀರಿಂಗು, ಕೊನೆಗೆ ಕುಸಿಯುವ ರಸ್ತೆಯಂಚು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಬಸ್ಸು ಹತ್ತುವ ಹೆಣ್ಣುಮಕ್ಕಳು ಹೆಚ್ಚಿದ್ದಾರೆ. ಸಂತೋಷವೇ, ಬಸ್ಸುಗಳು ಅದಕ್ಕೆ ತಕ್ಕಂತೆ ಹೆಚ್ಚದ ಕಡೆ ನಿಂತು ಪ್ರಯಾಣಿಸುವವರೂ ಅವರೇ.

ಅಂಚು ಏಕೆ ಕುಸಿಯುತ್ತದೆ? ಇಲ್ಲಿ ಮಣ್ಣಿನ ವಿಚಾರ ಬರುತ್ತದೆ. ಭಾರದ ಚಕ್ರಗಳು ಮತ್ತೆ ಮತ್ತೆ ಹಾಯ್ದ ಇಳಿಜಾರಿನಲ್ಲಿ ಹುಲ್ಲು ಸಾಯುತ್ತದೆ, ಮಣ್ಣಿನ ಕಣಗಳ ನಡುವಿನ ಸಂದುಗಳು ಮುಚ್ಚುತ್ತವೆ, ನೀರು ಇಂಗುವುದು ನಿಲ್ಲುತ್ತದೆ. ಇಂಗದ ನೀರು ಚಕ್ರದ ಜಾಡನ್ನೇ ಕಾಲುವೆ ಮಾಡಿಕೊಂಡು ಮಣ್ಣು ಹೊತ್ತು ಇಳಿದು ರಸ್ತೆಬದಿಯ ಚರಂಡಿಯನ್ನು ತುಂಬುತ್ತದೆ. ಚರಂಡಿ ಕಟ್ಟಿದರೆ ನೀರು ರಸ್ತೆಯ ಮೇಲೇರಿ ಆಚೆಯಂಚನ್ನು ಕೊರೆಯುತ್ತದೆ. ಇತ್ತ ಟೈರಿನ ಹಲ್ಲುಗಳಲ್ಲಿ ಬಂದ ಜೇಡಿ ಡಾಂಬರಿನ ಮೇಲೆ ಉದುರಿ, ಒಂದು ತುಂತುರು ಬಿದ್ದರೆ ಸಾಕು, ಎಣ್ಣೆ ಸವರಿದಂತಾಗುತ್ತದೆ. ಗುಡ್ಡದ ಮೇಲೆ ಹುಲ್ಲುಗಾವಲು ಹಾಳಾದದ್ದಕ್ಕೂ ಕೆಳಗೆ ಬಸ್ಸು ಜಾರಿದ್ದಕ್ಕೂ ಹೀಗೆ ನೀರು, ಮಣ್ಣುಗಳ ನಂಟಿದೆ. ಅರಣ್ಯದವರು ಒಂದನ್ನು, ಪೊಲೀಸರು ಇನ್ನೊಂದನ್ನು ಬೇರೆ ಬೇರೆ ಕಡತಗಳಲ್ಲಿ ಬರೆದುಕೊಳ್ಳುವುದರಿಂದ ಆ ನಂಟು ಯಾರ ಕಣ್ಣಿಗೂ ಬೀಳದು.

ಕಾನೂನಿಗೆ ಬಡತನವಿಲ್ಲ. ಇಕ್ಕಟ್ಟಾದ ಘಾಟಿ ರಸ್ತೆಯಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮ ಹಳೆಯದು. ಮುಂಭಾಗದ ಗಾರ್ಡುಗಳು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಗುಡ್ಡದ ಜಾಡು ಡಾಂಬರನ್ನು ಕೂಡುವಲ್ಲಿ ಕೆಲವು ಮೀಟರ್ ಜಲ್ಲಿ ಹಾಸಿದರೆ ಟೈರಿನ ಕೆಸರು ಅಲ್ಲೇ ಉದುರುತ್ತದೆ. ಬಸ್ಸುಗಳು ಎದುರಾಗುವ ತಿರುವುಗಳಲ್ಲಿ ಪಕ್ಕಕ್ಕೆ ಸರಿಯಲು ಗಟ್ಟಿ ತಾವು ಬೇಕು. ಶಾಲೆಯ ಬಸ್ಸು ಓಡುವ ಬೆಳಗು ಸಂಜೆಯ ಹೊತ್ತಿಗೆ ಜೀಪುಗಳ ಮೆರವಣಿಗೆಯನ್ನು ತಡೆಯಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನೂ ನಿರ್ಣಯವಾಗಿ ಬರೆಸಬೇಕೆಂದು ಓದುಗರನ್ನು, ವಿಶೇಷವಾಗಿ ನಿತ್ಯ ಬಸ್ಸು ಹತ್ತುವ ವಿದ್ಯಾರ್ಥಿಗಳನ್ನು, ಕೋರುತ್ತೇವೆ.

ಗಾಯಗೊಂಡವರಿಗೆ ಎರಡು ಮಾತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ, ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಕಾಯ್ದೆಗೆ 2019ರಲ್ಲಾದ ತಿದ್ದುಪಡಿಯು ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಹಾಕಿದೆ, ತಡಮಾಡಬೇಡಿ. ನೋವು ಸಣ್ಣದೆನಿಸಿದರೂ ಆಸ್ಪತ್ರೆಯಲ್ಲಿ ಗಾಯವನ್ನು ಬರೆಸಿಕೊಳ್ಳಿ. ಟಿಕೆಟನ್ನು ಎಸೆಯಬೇಡಿ. ಶೂನ್ಯ ದರದ ಟಿಕೆಟಾದರೂ ಸರಿ, ಆ ಬಸ್ಸಿನಲ್ಲಿ ನೀವಿದ್ದಿರೆಂಬುದಕ್ಕೆ ಅದೇ ದಾಖಲೆ.